ಬೊಗಳದ ನಾಯಿಗೆ ಸಂದ ಪಾಲು



ತರಗತಿಯಲ್ಲಿ ಸಿಟ್ಟು ನೆತ್ತಿಗೇರಿದಾಗ ಹುಡುಗರನ್ನು ‘ನಾಯಿ’ ಎಂದು ಬೈದ ಉಪಾಧ್ಯಾಯರಲ್ಲಿ ನಾನೂ ಒಬ್ಬ. ನಿವೃತ್ತಿಯ ನಂತರ ಬೈಬಲಿನ ಹಳೆಯ ಒಡಂಬಡಿಕೆಯನ್ನು ನಿಧಾನವಾಗಿ ಓದುತ್ತಿರುವಾಗ ಆ ಬೈಗುಳ ಮತ್ತೆ ಮತ್ತೆ ಎದುರಾಗಿ ನನ್ನನ್ನು ಚುಚ್ಚಿತು. ಪ್ರಾಚೀನ ಹೀಬ್ರೂ ಜನರಿಗೆ ನಾಯಿಯ ಬಗ್ಗೆ ಇದ್ದುದು ತಿರಸ್ಕಾರವೊಂದೇ ಎಂಬ ಮಾತಿದೆ. ಅದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ.

ತಿರಸ್ಕಾರವಿದ್ದುದು ನಿಜವೇ. ಹೀಬ್ರೂ ಭಾಷೆಯಲ್ಲಿ ನಾಯಿಗೆ ‘ಕೆಲೆವ್’ ಎನ್ನುತ್ತಾರೆ. ಬೀದಿ ಅಲೆಯುತ್ತ ಹೆಣ ತಿನ್ನುವ ಪ್ರಾಣಿಯಾಗಿಯೇ ಅದು ಹಲವೆಡೆ ಕಾಣಿಸಿಕೊಳ್ಳುತ್ತದೆ. ರಾಣಿ ಈಜೆಬೆಲಳ ದೇಹ ನಾಯಿಗಳ ಪಾಲಾಯಿತು. ಕೋಲು ಹಿಡಿದು ಬಂದ ದಾವೀದನನ್ನು ಕಂಡು, ಈತ ತನ್ನನ್ನು ನಾಯಿಯೆಂದು ಬಗೆದನೇ ಎಂದು ಗೊಲ್ಯಾತ ಕೆರಳಿದ. ಜ್ಞಾನೋಕ್ತಿಗಳ ಗ್ರಂಥವು ಮಾಡಿದ ತಪ್ಪನ್ನೇ ಮರಳಿ ಮಾಡುವ ಮೂರ್ಖನನ್ನು, ಕಕ್ಕಿದ್ದಕ್ಕೆ ಹಿಂದಿರುಗುವ ನಾಯಿಗೆ ಹೋಲಿಸುತ್ತದೆ.

ಆದರೆ ಈ ಹೆಸರನ್ನು ತಮಗೆ ತಾವೇ ಹಚ್ಚಿಕೊಂಡವರೂ ಇದ್ದಾರೆ. ಅರಸ ಸೌಲನು ಬೆನ್ನಟ್ಟಿದಾಗ ದಾವೀದನು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡ. ಮುಂದೆ ಅದೇ ದಾವೀದನು ಸಿಂಹಾಸನವೇರಿದಾಗ, ಸೌಲನ ಮೊಮ್ಮಗನೂ ಎರಡೂ ಕಾಲು ಊನವಾದವನೂ ಆದ ಮೆಫೀಬೋಶೆತನು ಅದೇ ಹೋಲಿಕೆ ಹೇಳಿ ಅವನೆದುರು ಬಾಗಿದ. 1935ರಲ್ಲಿ ಲಾಕೀಷಿನ ಉತ್ಖನನದಲ್ಲಿ ಮಡಕೆಯ ಚೂರುಗಳ ಮೇಲೆ ಶಾಯಿಯಿಂದ ಬರೆದ ಪತ್ರಗಳು ದೊರೆತವು. ಅವು ಕ್ರಿ.ಪೂ. 6ನೆಯ ಶತಮಾನದ ಆರಂಭದವು. ಅವುಗಳಲ್ಲಿಯೂ ಕೈಕೆಳಗಿನವನೊಬ್ಬ ತನ್ನ ಮೇಲಧಿಕಾರಿಗೆ ತಾನು ಬರೀ ನಾಯಿಯೆಂದು ಬರೆದುಕೊಂಡಿದ್ದಾನೆ. ಹಾಗಾದರೆ ಆ ಪದ ಪ್ರಾಣಿಯ ಗುಣಕ್ಕಿಂತ ಮನುಷ್ಯರ ನಡುವಿನ ಮೇಲುಕೀಳನ್ನೇ ಹೆಚ್ಚಾಗಿ ಹೇಳುತ್ತದೆ. ದಾವೀದನ ದೊಡ್ಡತನವೆಂದರೆ ಆ ಹೋಲಿಕೆಯನ್ನು ಒಪ್ಪದೆ, ಮೆಫೀಬೋಶೆತನನ್ನು ಕೊನೆಯವರೆಗೂ ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡದ್ದು.

ನಾಯಿಯ ದುಡಿಮೆಯನ್ನೂ ಆ ಜನ ಬಲ್ಲವರಾಗಿದ್ದರು. ಯೋಬನ ಗ್ರಂಥದಲ್ಲಿ ಕುರಿಹಿಂಡಿನ ನಾಯಿಗಳ ಪ್ರಸ್ತಾಪವಿದೆ. ಪ್ರವಾದಿ ಯೆಶಾಯನ ಗ್ರಂಥವು ಜನರನ್ನು ಎಚ್ಚರಿಸದ ಕಾವಲುಗಾರರನ್ನು ಬೊಗಳಲಾರದ ನಾಯಿಗಳೆಂದು ನಿಂದಿಸುತ್ತದೆ. ಬೊಗಳುವುದು ಕರ್ತವ್ಯವೆಂದು ಅರಿತವರು ಮಾತ್ರ ಹೀಗೆ ನಿಂದಿಸಬಲ್ಲರು.

ನನ್ನ ಮನಸ್ಸನ್ನು ಬಹುವಾಗಿ ಸೆಳೆದದ್ದು ವಿಮೋಚನಕಾಂಡ. ಐಗುಪ್ತದಿಂದ ಬಿಡುಗಡೆಯಾಗುವ ರಾತ್ರಿ ಇಸ್ರಾಯೇಲ್ಯರ ವಿರುದ್ಧ ಒಂದು ನಾಯಿಯೂ ಬೊಗಳದೆಂದು 11ನೆಯ ಅಧ್ಯಾಯ ಹೇಳುತ್ತದೆ. ಕಾಡುಮೃಗ ಸೀಳಿದ ಪ್ರಾಣಿಯ ಮಾಂಸವನ್ನು ತಾವು ತಿನ್ನದೆ ನಾಯಿಗಳಿಗೆ ಹಾಕಬೇಕೆಂಬುದು 22ನೆಯ ಅಧ್ಯಾಯದ ವಿಧಿ. ‘ಮೆಖಿಲ್ತಾ’ ಎಂಬ ಪ್ರಾಚೀನ ವ್ಯಾಖ್ಯಾನದಲ್ಲಿ ಯೆಹೂದಿ ಗುರುಗಳು ಇವೆರಡನ್ನೂ ಬೆಸೆದರು. ಆ ರಾತ್ರಿಯ ಮೌನಕ್ಕೆ ಈ ಮಾಂಸವೇ ಪ್ರತಿಫಲ. ದೇವರು ಯಾವ ಜೀವಿಯ ಪಾಲನ್ನೂ ತಪ್ಪಿಸುವುದಿಲ್ಲ ಎಂಬುದು ಅವರ ಭಾವ.

ಬಲಿಗೆ ಸಲ್ಲದ ಮಾಂಸವನ್ನು ಎಸೆಯುವುದು ಔದಾರ್ಯವೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೂ ಎಸೆಯುವುದನ್ನೇ ಋಣ ತೀರಿಸುವುದೆಂದು ಓದಿದ ಆ ಗುರುಗಳ ಮನಸ್ಸು ದೊಡ್ಡದು. ತಾವು ಹೀನವೆಂದು ಕರೆದ ಜೀವಿಗೂ ತಾವು ಋಣಿಗಳೆಂದು ಅವರು ಒಪ್ಪಿದರು.

ನಾನು ಬೈದಾಗ ತಲೆತಗ್ಗಿಸಿ ಸುಮ್ಮನೆ ನಿಂತಿದ್ದವರು ನಿಮ್ಮಲ್ಲಿಯೂ ಇದ್ದೀರಿ. ನಿಮ್ಮ ಆ ಮೌನದ ಋಣ ನನ್ನ ಮೇಲಿದೆ. ತಡವಾಗಿಯಾದರೂ, ಕ್ಷಮಿಸಿರಿ.