ಅಟ್ಟದ ಮೇಲಿನ ಆಟ

ಪ್ರತಿವರ್ಷ ಮಳೆ ಹಿಡಿಯುವುದಕ್ಕೆ ಮುನ್ನ, ಸೌದೆಯನ್ನು ಕೊಟ್ಟಿಗೆಯ ಮಾಡಿನ ಕೆಳಗೆ ಒಟ್ಟಿ, ಹಪ್ಪಳ ಸಂಡಿಗೆಗಳನ್ನು ಡಬ್ಬಿಗೆ ತುಂಬಿ, ಅಂಗಳದ ಚಪ್ಪರವನ್ನು ಬಿಚ್ಚಿ ಮುಗಿಸಿದ ಮೇಲೆ, ನಾನು ಏಣಿ ಹಾಕಿಕೊಂಡು ಅಟ್ಟಕ್ಕೆ ಹತ್ತಿ, ಅಡಿಗೆಮನೆಯ ಬಿಸುಪು ಸದಾ ತಟ್ಟುತ್ತಿರುವ ಮೂಲೆಯಿಂದ ಒಂದು ತಗಡಿನ ಪೆಟ್ಟಿಗೆಯನ್ನು ಇಳಿಸಿ ತಂದು ಜಗಲಿಯ ನೆರಳಿನಲ್ಲಿ ಗಾಳಿಗೆ ತೆರೆದಿಡುತ್ತೇನೆ. ಅದರಲ್ಲಿ 186 ಕ್ಯಾಸೆಟ್ಟುಗಳಿವೆ. ಅವು ಅಂಗಡಿಯಲ್ಲಿ ಕೊಂಡ ಹಾಡುಗಳಲ್ಲ. ಸಿದ್ದಾಪುರದ ಡೇರೆಗಳಲ್ಲಿ, ಬಿಳಗಿಯ ಸುತ್ತಲಿನ ದೇವಸ್ಥಾನಗಳ ಬಯಲಿನಲ್ಲಿ, ಘಟ್ಟವಿಳಿದು ಹೋಗಿ ನಿದ್ದೆಗೆಟ್ಟ ಹೊನ್ನಾವರ ಸೀಮೆಯ ರಾತ್ರಿಗಳಲ್ಲಿ, ರಂಗಸ್ಥಳದ ಅಂಚಿಗೆ ಒತ್ತಿ ಕುಳಿತು ನಾನೇ ಹಿಡಿದಿಟ್ಟುಕೊಂಡ ಯಕ್ಷಗಾನದ ಆಟಗಳು. ಈ ವರ್ಷ ತೆರೆದು ನೋಡಿದಾಗ ಹದಿನಾಲ್ಕು ಕ್ಯಾಸೆಟ್ಟುಗಳ ಸುರುಳಿಯ ಮೇಲೆ ಬಿಳಿಯ ಬೂಸ್ಟು ಹಬ್ಬಿತ್ತು.

ಆ ದಿನ ಮನೆಗೆ ಬಂದಿದ್ದ ನನ್ನ ಅಕ್ಕನ ಮಗ, ಕ್ಯಾಲಿಫೋರ್ನಿಯಾದಲ್ಲಿ ಬಹುಕಾಲದಿಂದ ಉದ್ಯೋಗದಲ್ಲಿರುವವನು, ಜಗಲಿಯ ಮೇಲೆ ಸಾಲಾಗಿ ಹರಡಿದ್ದ ಆ ಕ್ಯಾಸೆಟ್ಟುಗಳನ್ನೂ, ಅವುಗಳ ಮೇಲೆ ನಾನು ಬಾಲ್‌ಪೆನ್ನಿನಿಂದ ಒತ್ತೊತ್ತಾಗಿ ಬರೆದ ಊರು, ತಾರೀಖು, ಮೇಳ, ಪ್ರಸಂಗಗಳ ವಿವರವನ್ನೂ ಕಂಡು, "ಮಾವ, ನಾನಿರುವ ಊರಿನಲ್ಲಿಯೂ ಥೇಟು ನಿನ್ನಂಥವರೇ ಇದ್ದಾರಲ್ಲ" ಎಂದ. ಅವನು ಹೇಳಿದ್ದು ಗ್ರೇಟ್‌ಫುಲ್ ಡೆಡ್ ಎಂಬ ಸಂಗೀತತಂಡದ ಅಭಿಮಾನಿಗಳ ಕುರಿತು. ಮೂರು ಸಂಜೆಗಳಲ್ಲಿ ಅವನು ಹೇಳಿದುದನ್ನೂ, ಕೇಳಿಸಿದುದನ್ನೂ ಮನನ ಮಾಡಿದಂತೆಲ್ಲ, ನಮ್ಮ ಆಟದ ವಿಷಯದಲ್ಲಿ ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ಹೊಗೆಯಾಡುತ್ತಿದ್ದ ಒಂದು ಮಾತು ಸ್ಪಷ್ಟವಾಯಿತು. ಅದನ್ನು ನಾಲ್ಕು ಜನರ ಮುಂದಿಡಬೇಕೆಂದು ಈ ಬರೆಹ.

1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಎಂಬ ಊರಿನಲ್ಲಿ ಹುಟ್ಟಿದ ಆ ತಂಡವು, ಅದರ ಮುಖ್ಯ ಗಿಟಾರ್ ವಾದಕನಾದ ಜೆರ್ರಿ ಗಾರ್ಸಿಯ 1995ರ ಆಗಸ್ಟಿನಲ್ಲಿ ತೀರಿಕೊಳ್ಳುವವರೆಗೆ, ಮೂವತ್ತು ವರ್ಷಗಳಲ್ಲಿ ಸುಮಾರು 2300 ಕಛೇರಿಗಳನ್ನು ನಡೆಸಿತು. ಮತ್ತು ಯಾವ ಎರಡು ರಾತ್ರಿಗಳೂ ಒಂದರಂತೆ ಇನ್ನೊಂದು ಇರಲಿಲ್ಲ. ಹಾಡುಗಳ ಅನುಕ್ರಮ ಅಂದಂದಿನದು. ಒಂದು ರಾತ್ರಿ ಹತ್ತು ನಿಮಿಷದಲ್ಲಿ ಮುಗಿದ ಹಾಡು ಇನ್ನೊಂದು ರಾತ್ರಿ ಅರ್ಧಗಂಟೆ ಬೆಳೆದು, ಎಲ್ಲೆಲ್ಲಿಯೋ ಅಲೆದು, ಬೇರೊಂದು ಹಾಡಿನ ಮನೆಗೆ ಹೋಗಿ ಸೇರುವುದು. ಹೀಗೆ ಸ್ಥಳದಲ್ಲಿಯೇ ಕಲ್ಪಿಸಿ ಬೆಳೆಸುತ್ತ ಹೋಗುವ ವಾದ್ಯಗೋಷ್ಠಿಗೆ ಅಲ್ಲಿಯವರು ಜ್ಯಾಮ್ ಎನ್ನುತ್ತಾರೆ. ಆ ಸಂಗೀತಕ್ಕೆ ಸೈಕೆಡೆಲಿಕ್ ಎಂಬ ಹೆಸರು ಬಂದುದು, ಅದು ಚಿತ್ತದ ಎಲ್ಲೆಗಳನ್ನು ಕರಗಿಸಿ ಕೇಳುಗನನ್ನು ಬೇರೊಂದು ಲೋಕಕ್ಕೆ ಒಯ್ಯುವುದೆಂಬ ಭಾವನೆಯಿಂದ. ಅದಕ್ಕಾಗಿ ಅವರ ಪರಿಸರದಲ್ಲಿ ಎಲ್‌ಎಸ್‌ಡಿ ಮೊದಲಾದ ಮಾದಕದ್ರವ್ಯಗಳು ಧಾರಾಳವಾಗಿ ಬಳಕೆಯಾದುವು. ಗಾರ್ಸಿಯನ ಆರೋಗ್ಯ ಕೆಟ್ಟುದಕ್ಕೂ, ಐವತ್ಮೂರನೆಯ ವಯಸ್ಸಿಗೇ ಆತ ತೀರಿಹೋದುದಕ್ಕೂ ಆ ವ್ಯಸನದ ಪಾಲು ದೊಡ್ಡದು. ಅಷ್ಟೊಂದು ಪ್ರತಿಭೆಯ ಮನುಷ್ಯ ಹಾಗೆ ಸವೆದುಹೋದುದನ್ನು ಕೇಳಿ ನನಗೆ ಖೇದವಾಯಿತು.

ಏಕೆಂದರೆ ಲೋಕಾಂತರಕ್ಕೆ ಒಯ್ಯಲು ಮದ್ದು ಬೇಕಾಗಿಯೇ ಇಲ್ಲವೆಂಬುದು ನನ್ನ ಅನುಭವ. ಒಂದು ಕವಳ, ಒಂದು ಲೋಟ ಚಹಾ, ನಿದ್ದೆಯನ್ನು ದೂಡಿದ ಕಣ್ಣು, ಇಷ್ಟಿದ್ದರೆ ಸಾಕು. ನಡುರಾತ್ರಿ ಕಳೆದು ಎರಡು ತಾಸಾಗಿರುತ್ತದೆ; ಚಳಿಗೆ ಕಂಬಳಿಯೊಳಗೆ ಮುದುರಿದ ಮಕ್ಕಳು ನಿದ್ದೆ ಹೋಗಿರುತ್ತವೆ; ಆಗ ಚೆಂಡೆ ಒಮ್ಮೆಲೆ ಗುಡುಗಿ, ಹಿಡಿದ ತೆರೆಯ ಹಿಂದಿನಿಂದ ಬಣ್ಣದ ವೇಷದ ಆರ್ಭಟ ಕೇಳಿ, ದೊಂದಿಯ ಮೇಲೆ ಎರಚಿದ ರಾಳದ ಪುಡಿ ಭುಗ್ಗೆಂದು ಆಳೆತ್ತರ ಹೊತ್ತಿ, ಆ ಕ್ಷಣಮಾತ್ರದ ಬೆಳಕಿನಲ್ಲಿ ಹಿಟ್ಟಿನ ಚಿಟ್ಟೆಯಿಟ್ಟ ಆ ಮುಖವೂ ಕೆಂಪು ಕಣ್ಣುಗಳೂ ತೆರೆಯ ಅಂಚಿನ ಮೇಲೆ ಮೂಡಿ ಮತ್ತೆ ಕತ್ತಲಾದಾಗ, ಏಳು ವರ್ಷದ ಹುಡುಗನಾಗಿ ಅಪ್ಪಯ್ಯನ ತೊಡೆಯನ್ನು ತಬ್ಬಿ ಹಿಡಿದಿದ್ದ ನನಗೆ ಭೂಮಿಯೇ ಕಾಲಡಿಯಿಂದ ಜಾರಿದಂತಾಗಿತ್ತು. ಅರುವತ್ತು ದಾಟಿದ ಇಂದಿಗೂ ರಾಳದ ವಾಸನೆ ಮೂಗಿಗೆ ಬಡಿದರೆ ಎದೆ ಒಂದು ಬಡಿತ ತಪ್ಪುತ್ತದೆ.

ಆದರೆ ವೇಷದ ಬೆರಗು ಬಾಲ್ಯದ ವಸ್ತು. ಅಭಿಮಾನಿಯನ್ನು ನಲುವತ್ತು ಐವತ್ತು ವರ್ಷ ಒಂದೇ ಕೀಚಕವಧೆಗೆ, ಒಂದೇ ಗದಾಯುದ್ಧಕ್ಕೆ ಮತ್ತೆ ಮತ್ತೆ ಎಳೆದುಕೊಂಡು ಹೋಗುವ ಬಲ ಬೇರೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು ಮಾತ್ರ. ಆ ಪದ್ಯವನ್ನು ಇಂದು ಯಾವ ರಾಗದಲ್ಲಿ ಎತ್ತಬೇಕು, ಯಾವ ಸಾಲನ್ನು ಎಷ್ಟು ಸಲ ಆವರ್ತಿಸಬೇಕು, ಎಲ್ಲಿ ಶ್ರುತಿಯ ಶಿಖರಕ್ಕೇರಿ ಎಲ್ಲಿ ಮುಕ್ತಾಯಕ್ಕೆ ಇಳಿಯಬೇಕು ಎಂಬುದೆಲ್ಲ ಭಾಗವತರ ಆ ಗಳಿಗೆಯ ಚಿತ್ತಕ್ಕೆ ಬಿಟ್ಟದ್ದು; ಮದ್ದಳೆ ಅದನ್ನು ಊಹಿಸಿ ನುಡಿಯಬೇಕು, ಚೆಂಡೆ ಅದಕ್ಕೆ ಜಿಗಿದು ಕೂಡಿಕೊಳ್ಳಬೇಕು, ವೇಷಧಾರಿ ಕುಣಿತದಲ್ಲಿಯೇ ಉತ್ತರ ಕೊಟ್ಟು, ಅನಂತರ ಯಾರೂ ಬರೆದುಕೊಡದ ಅರ್ಥವನ್ನು ನಿಂತ ನಿಲುವಿನಲ್ಲಿಯೇ ಸೃಷ್ಟಿಸಬೇಕು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನಾನು ಹತ್ತಾರು ಸಲ ನೋಡಿದ್ದೇನೆ. ಸೈರಂಧ್ರಿಯನ್ನು ಮೊದಲ ಸಲ ಕಂಡಾಗಿನ ಆ ಒಂದು ನೋಟ, ಕಣ್ಣಿನಲ್ಲಿ ಹುಟ್ಟಿ ಹುಬ್ಬಿಗೆ ಏರಿ ಹೆಗಲಿಗೆ ಇಳಿದು ಕಾಲಿನ ಗೆಜ್ಜೆಯವರೆಗೆ ಹರಿಯುವ ಆ ಬಯಕೆ, ಒಂದು ರಾತ್ರಿಯಂತೆ ಇನ್ನೊಂದು ರಾತ್ರಿ ಇದ್ದುದನ್ನು ನಾನು ಕಂಡಿಲ್ಲ. ಸಾಗರದಾಚೆಯ ಆ ಅಭಿಮಾನಿಗಳು ಬಸ್ಸು ಕಾರುಗಳಲ್ಲಿ ಊರಿಂದೂರಿಗೆ ತಂಡವನ್ನು ಹಿಂಬಾಲಿಸಿದುದೂ, ನಾವು ಸೂಡಿಯ ಬೆಳಕಿನಲ್ಲಿ ಐದಾರು ಮೈಲಿ ಗದ್ದೆಬದುವಿನ ಮೇಲೆ ನಡೆದು ಆಟಕ್ಕೆ ಹೋದುದೂ ಒಂದೇ ಕಾರಣಕ್ಕೆ: ಇಂದು ತಪ್ಪಿದರೆ ಇಂದಿನದು ಇನ್ನೆಂದಿಗೂ ಇಲ್ಲ.

ಇಂದಿನದನ್ನು ಹಿಡಿದಿಡಬೇಕೆಂಬ ಆಸೆ ಹುಟ್ಟಿದುದೂ ಅಲ್ಲಿಂದಲೇ. ಅಡಿಕೆಯ ದುಡ್ಡಿನಲ್ಲಿ ಟೇಪ್‌ರೆಕಾರ್ಡರು ಕೊಂಡ ವರ್ಷದಿಂದ ನನ್ನ ಸ್ಥಾನ ಹಿಮ್ಮೇಳದ ಪಕ್ಕಕ್ಕೆ ಬದಲಾಯಿತು. ಧ್ವನಿವರ್ಧಕದ ಹತ್ತಿರ ಕುಳಿತರೆ ಚೆಂಡೆಯೊಂದೇ ತುಂಬಿಕೊಳ್ಳುತ್ತದೆ. ದೂರ ಹೋದರೆ ಮಕ್ಕಳ ಅಳು, ಶೇಂಗಾ ಮಾರುವವನ ಕೂಗು. ಮದ್ದಳೆಯ ಬದಿಗೆ ನಾಲ್ಕು ಮೊಳ ಬಿಟ್ಟು, ಮೈಕನ್ನು ಶಾಲಿನಲ್ಲಿ ಸುತ್ತಿ ಇಟ್ಟರೆ ಭಾಗವತರ ಕಂಠ ಸ್ವಚ್ಛವಾಗಿ ಇಳಿಯುತ್ತದೆ ಎಂಬುದನ್ನು ಕಲಿಯಲು ಒಂದು ತಿರುಗಾಟವೇ ಬೇಕಾಯಿತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ನಲುವತ್ತೈದು ನಿಮಿಷ. ಒಂದು ಇಡೀ ಆಟಕ್ಕೆ ಆರು ಕ್ಯಾಸೆಟ್ಟು. ಮಗ್ಗುಲು ಮುಗಿಯುವ ಹೊತ್ತನ್ನು ಕೈಗಡಿಯಾರದಲ್ಲಿ ನೋಡುತ್ತ, ಅರ್ಥದ ನಡುವೆ ಎಲ್ಲಿಯಾದರೂ ತಿರುಗಿಸಿ ಹಾಕಲು ಕಾಯುತ್ತಿದ್ದರೆ, ಅದೇ ಹೊತ್ತಿಗೆ ಭಾಗವತರು ಪದ್ಯ ಎತ್ತಿಬಿಡುವರು. ನನ್ನ ಎಷ್ಟೋ ಧ್ವನಿಮುದ್ರಣಗಳಲ್ಲಿ ಅತ್ಯುತ್ತಮವಾದ ಪದ್ಯದ ಮೊದಲ ಸಾಲೇ ಇಲ್ಲ. ಇನ್ನೊಂದು ನಷ್ಟಕ್ಕೆ ನಾನೇ ಹೊಣೆ: ಕ್ಯಾಸೆಟ್ಟಿನ ಅಂಚಿನ ಪ್ಲ್ಯಾಸ್ಟಿಕ್ ಎಸಳನ್ನು ಮುರಿದಿಡಲು ಮರೆತುದರಿಂದ, ನೆಬ್ಬೂರು ನಾರಾಯಣ ಭಾಗವತರ ಒಂದು ರಾತ್ರಿಯ ಮೇಲೆ ಮದುವೆಮನೆಯ ಗದ್ದಲ ಮುದ್ರಿತವಾಗಿಹೋಯಿತು. ಆ ರಾತ್ರಿಯ ಬೇರೆ ಪ್ರತಿ ಎಲ್ಲಿಯೂ ಇಲ್ಲ.

ಗ್ರೇಟ್‌ಫುಲ್ ಡೆಡ್ ತಂಡದವರ ವಿಷಯದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ಸಂಗತಿ ಇಲ್ಲಿಯದು. ಧ್ವನಿಮುದ್ರಣ ಮಾಡುವವರನ್ನು ಇತರ ತಂಡಗಳು ಕಳ್ಳರಂತೆ ಹೊರಗಟ್ಟುತ್ತಿದ್ದ ಕಾಲದಲ್ಲಿ, ಈ ತಂಡ 1984ರಿಂದ ಸಭಾಂಗಣದಲ್ಲಿ ಅಂಥವರಿಗೆಂದೇ ಪ್ರತ್ಯೇಕ ಸ್ಥಳವನ್ನು ಮೀಸಲಿರಿಸಿತು. ನಿಯಮ ಒಂದೇ: ಹಂಚಿಕೊಳ್ಳಬಹುದು, ಮಾರಬಾರದು. ಅದರ ಫಲವಾಗಿ ಆ ತಂಡದ ಮೂವತ್ತು ವರ್ಷಗಳ ಬಹುಪಾಲು ರಾತ್ರಿಗಳು, ಚೆನ್ನಾದವೂ ಕೆಟ್ಟವೂ, ಇಂದು ಕೇಳಸಿಗುತ್ತವೆ. ತಂಡದ ಧ್ವನಿತಂತ್ರಜ್ಞೆಯಾಗಿದ್ದ ಬೆಟ್ಟಿ ಕ್ಯಾಂಟರ್ ಎಂಬಾಕೆ ಮುದ್ರಿಸಿದ ನೂರಾರು ಸುರುಳಿಗಳು, ಇಟ್ಟಿದ್ದ ಗೋದಾಮಿನ ಬಾಡಿಗೆ ಸಲ್ಲದೆ 1986ರಲ್ಲಿ ಹರಾಜಾಗಿ ಹೋದಾಗ, ಅವನ್ನು ಕೊಂಡವರು, ನಕಲು ಮಾಡಿದವರು, ಒರೆಸಿ ಸರಿಪಡಿಸಿದವರು ಎಲ್ಲರೂ ಸೇರಿಯೇ ಅವು ಉಳಿದುವು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಛೇರಿ ಹಾಗೆ ಉಳಿದು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿತು. ತಂಡದ ಹೆಸರಿನ ಹಿಂದೆ ಒಂದು ಜನಪದ ಕಥೆಯುಂಟು: ಸಾಲ ತೀರಿಸದೆ ಸತ್ತವನ ಹೆಣ ಸಂಸ್ಕಾರವಿಲ್ಲದೆ ಬಿದ್ದಿರಲು, ದಾರಿಹೋಕನೊಬ್ಬ ತನ್ನ ಕೈಯ ಹಣ ಕೊಟ್ಟು ಅದಕ್ಕೆ ಗತಿ ಕಾಣಿಸುತ್ತಾನೆ, ಮುಂದೆ ಆ ಕೃತಜ್ಞ ಪ್ರೇತವು ದಾರಿಹೋಕನನ್ನು ಕಾಯುತ್ತದೆ.

ನಮ್ಮಲ್ಲಿ ಸಾಲ ಯಾರ ಮೇಲಿದೆ ಎಂದು ನಾನು ಯೋಚಿಸಿದ್ದೇನೆ. ಗುಂಡ್ಮಿಯ ಕಾಳಿಂಗ ನಾವಡರು 1990ರ ಮೇ ತಿಂಗಳಿನಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. 'ನಾಗಶ್ರೀ'ಯಂಥ ಪ್ರಸಂಗವನ್ನು ಬರೆದು, ಹೊಸ ರಾಗಗಳನ್ನು ಆಟಕ್ಕೆ ತಂದು, ಲಯದೊಡನೆ ಆಟವಾಡುತ್ತ ತರುಣರನ್ನು ಡೇರೆಗೆ ಸೆಳೆದ ಆ ಕಂಠದ ಪೂರ್ಣರೂಪ, ಅಂದರೆ ರಾತ್ರಿಯೆಲ್ಲ ಹಾಡಿ ಬೆಳಗಿನ ಜಾವಕ್ಕೆ ಕಾವೇರಿದ ಕಂಠ, ಮಾರಾಟದ ಕ್ಯಾಸೆಟ್ಟುಗಳ ಒಂದೆರಡು ತಾಸಿನಲ್ಲಿ ಇಲ್ಲ, ಅಭಿಮಾನಿಗಳ ಅಟ್ಟದಲ್ಲಿದೆ. 1934ರಲ್ಲಿ ಸ್ಥಾಪಿತವಾದ ಇಡಗುಂಜಿ ಮೇಳವನ್ನು ತಂದೆ ಶಿವರಾಮ ಹೆಗಡೆಯವರ ಅನಂತರ ದೇಶವಿದೇಶಗಳಿಗೆ ಒಯ್ದ ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿಯೇ, ಬಣ್ಣ ಹಚ್ಚಿ ರಂಗವೇರಿದ ರಾತ್ರಿಯಲ್ಲಿಯೇ ಹೊರಟುಹೋದರು. ಚಿಟ್ಟಾಣಿಯವರು 2017ರಲ್ಲಿ, ಅಲಂಕಾರಗಳ ಹಂಗಿಲ್ಲದೆ ಒಂದು ಪದ್ಯವನ್ನು ಹೇಗೆ ಗಂಭೀರವಾಗಿ ನಿಲ್ಲಿಸಬಹುದೆಂಬುದನ್ನು ತೋರಿದ ನೆಬ್ಬೂರರು 2019ರಲ್ಲಿ, ಅಂಧ ವಿದ್ಯಾರ್ಥಿಗಳಿಗೂ ಕುಣಿತ ಕಲಿಸಿದ ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ ಹೋದರು. ನಮ್ಮ ಬಿಳಗಿಯ ಅರಸರು ರತ್ನತ್ರಯ ಬಸದಿಯಲ್ಲಿ ತಮ್ಮ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿ ಹೋದರು. ಈ ಮಹನೀಯರದು ಉಳಿದಿರುವುದು ಕೂದಲಿಗಿಂತ ತೆಳ್ಳಗಿನ, ಮಲೆನಾಡಿನ ಒಂದು ಮಳೆಗಾಲಕ್ಕೆ ಅಂಟಿಕೊಂಡು ಹೋಗಬಲ್ಲ ಕಂದು ನಾಡೆಯ ಮೇಲೆ.

ಇದಕ್ಕೆ ಆಕ್ಷೇಪಗಳುಂಟು. ಆಟವೆಂಬುದು ಆ ರಾತ್ರಿಗೆ, ಆ ಸಭೆಗೆ ಸಲ್ಲುವುದು, ಬೆಳಗಾದ ಮೇಲೆ ಅದನ್ನು ಮತ್ತೆ ಕೇಳುವುದು ಬಾಡಿದ ಹೂವನ್ನು ಮುಡಿದಂತೆ ಎಂದು ಹಿರಿಯ ಕಲಾವಿದರೊಬ್ಬರು ನನಗೆ ಹೇಳಿದ್ದರು. ಅವರ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಇಂದು ಕಾಲಮಿತಿಯ ಮೂರು ತಾಸಿನ ಪ್ರದರ್ಶನವನ್ನೇ ಆಟವೆಂದು ತಿಳಿದು ಬೆಳೆಯುತ್ತಿರುವ ತರುಣ ಭಾಗವತನಿಗೆ, ಒಂದು ಪದ್ಯಕ್ಕೆ ಇಪ್ಪತ್ತು ನಿಮಿಷದ ಅವಕಾಶವಿದ್ದಾಗ ಹಿರಿಯರು ಅದನ್ನು ಹೇಗೆ ಕಟ್ಟುತ್ತಿದ್ದರೆಂಬುದನ್ನು ತಿಳಿಯಲು ಬೇರೆ ಗುರುವಿಲ್ಲ. ಅಭಿಮಾನಿಗಳ ಮುದ್ರಣವನ್ನು ಕದ್ದು ಮಾರಿ ಕಲಾವಿದರ ಅನ್ನಕ್ಕೆ ಕಲ್ಲು ಹಾಕಿದವರೂ ಇದ್ದಾರೆ ಎಂಬ ದೂರು ಸತ್ಯವಾದುದು, ಮತ್ತು ಗಂಭೀರವಾದುದು. ಮಾರಾಟವಿಲ್ಲದ, ಕಲಾವಿದರ ಮನೆಯವರ ಒಪ್ಪಿಗೆ ಪಡೆದ, ಮೊದಲ ಪ್ರತಿಯನ್ನು ಅವರಿಗೇ ಒಪ್ಪಿಸುವ ಕ್ರಮವೇ ಅದಕ್ಕೆ ಪರಿಹಾರವೆಂದು ನಾನು ತಿಳಿಯುತ್ತೇನೆ.

ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಈ ಬಗೆಯ ದಾಖಲೆಯ ಕೆಲಸಕ್ಕೆ ಬಹು ಹಿಂದೆಯೇ ಕೈ ಹಾಕಿತು. ಯಕ್ಷಗಾನಕ್ಕೆಂದು ಸರ್ಕಾರದ ಅಕಾಡೆಮಿಯೂ ಇದೆ. ಆದರೆ ಯಾವ ಸಂಸ್ಥೆಯೂ ನನ್ನ ಅಟ್ಟಕ್ಕೆ ತಾನಾಗಿ ಏಣಿ ಹಾಕಲಾರದು. ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ಹಳ್ಳಿಹಳ್ಳಿಗಳಲ್ಲಿ ಇಂಥ ಪೆಟ್ಟಿಗೆಗಳಿರುವ ಮನೆಗಳನ್ನು ನಾನೇ ಬಲ್ಲೆ. ಹಲವು ಕಡೆ ಮಕ್ಕಳು ಬೆಂಗಳೂರು ಸೇರಿ, ಮನೆ ಬಾಗಿಲು ಹಾಕಿ, ಪೆಟ್ಟಿಗೆ ಹಾಳು ಸಾಮಾನಿನೊಡನೆ ಗುಜರಿಗೆ ಹೋಗಿದೆ. ಆದುದರಿಂದ ಮೊದಲ ಹೆಜ್ಜೆ ನಮ್ಮದೇ. ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ಯಂತ್ರಕ್ಕೆ ತುರುಕಬಾರದು, ಬೂಸ್ಟು ಮಿಕ್ಕವಕ್ಕೂ ಹತ್ತುತ್ತದೆ. ಬಲ್ಲವರಿಂದ ಸುರುಳಿಯನ್ನು ಒರೆಸಿ ಬೇರೆ ಕವಚಕ್ಕೆ ವರ್ಗಾಯಿಸಿಕೊಳ್ಳಬೇಕು. ಕಂಪ್ಯೂಟರಿಗೆ ಇಳಿಸುವುದಕ್ಕೆ ಅವಸರದ ಮಾರ್ಗವಿಲ್ಲ. ತೊಂಬತ್ತು ನಿಮಿಷದ್ದನ್ನು ಇಳಿಸಲು ತೊಂಬತ್ತು ನಿಮಿಷ ಕುಳಿತು ಕೇಳಲೇಬೇಕು. ಅದು ಶಿಕ್ಷೆಯೇನೂ ಅಲ್ಲ. ಅಕ್ಕನ ಮಗ ಯಂತ್ರದ ಜೋಡಣೆ ಮಾಡಿಕೊಟ್ಟು ಹೋದ ಮೇಲೆ, ಈ ಆಷಾಢದ ಮಳೆಯಲ್ಲಿ ನಾನು ಮೂವತ್ತೊಂದು ಕ್ಯಾಸೆಟ್ಟುಗಳನ್ನು ಇಳಿಸಿದ್ದೇನೆ.

ಮೂವತ್ತೆರಡನೆಯದರ ಚೀಟಿ ನೀರು ತಾಗಿ ಅಳಿಸಿಹೋಗಿದೆ. ಪ್ರಸಂಗ ಕೃಷ್ಣಸಂಧಾನವೆಂಬುದು ಗೊತ್ತಾಗುತ್ತದೆ. ಭಾಗವತರ ಧ್ವನಿಯ ಬಗ್ಗೆ ಎರಡು ಊಹೆಗಳಿವೆ. ಮದ್ದಳೆಯವರು ಯಾರೆಂಬುದು ಮಾತ್ರ ಎಷ್ಟು ಸಲ ಕೇಳಿದರೂ ನನಗೆ ಹೊಳೆಯಲಿಲ್ಲ. ಪಕ್ಕದ ಸೀಮೆಯಲ್ಲಿ ಎಂಬತ್ತೇಳು ವರ್ಷದ ಒಬ್ಬರಿದ್ದಾರೆ, ಒಂದು ಮುಕ್ತಾಯವನ್ನು ಕೇಳಿಸಿದರೆ ನುಡಿಸಿದ ಕೈ ಯಾರದೆಂದು ಹೇಳಬಲ್ಲವರು. ಕಳೆದ ಸಲ ಕಂಡಾಗ ಎಡಕಿವಿ ಕೇಳಿಸುವುದಿಲ್ಲವೆಂದರು; ಬಲಕಿವಿ ಇನ್ನೂ ಚೆನ್ನಾಗಿದೆಯಂತೆ. ನಾಲ್ಕು ದಿನ ಮಳೆ ಹೊಳವಾದರೆ ಆ ಕ್ಯಾಸೆಟ್ಟನ್ನೂ ಟೇಪ್‌ರೆಕಾರ್ಡರನ್ನೂ ಹಿಡಿದುಕೊಂಡು ಅವರ ಮನೆಗೆ ಹೋಗುವವನಿದ್ದೇನೆ.