ಬಿಚ್ಚಿ ನೋಡುವುದು ಕಳ್ಳತನ ಅಲ್ಲ ಸ್ವಾಮೀ!

"ರಿವರ್ಸ್ ಎಂಜಿನಿಯರಿಂಗ್" ಅಂದ ತಕ್ಷಣ ನಮ್ಮ ಐಟಿ ಜನಕ್ಕೆ ನೆನಪಾಗೋದು ಎರಡೇ. ಒಂದು, ಹಾಸ್ಟೆಲಿನಲ್ಲಿ ಪೆನ್ ಡ್ರೈವಿನಿಂದ ಪೆನ್ ಡ್ರೈವಿಗೆ ಹರಿದಾಡುತ್ತಿದ್ದ ಕ್ರ್ಯಾಕ್ ಮಾಡಿದ ಗೇಮು. ಇನ್ನೊಂದು, ಯಾರೂ ಓದದೆ "ಐ ಅಗ್ರೀ" ಒತ್ತುವ ಉದ್ದನೆ ಲೈಸೆನ್ಸಿನಲ್ಲಿ, ಈ ತಂತ್ರಾಂಶವನ್ನು ಡಿಕಂಪೈಲ್ ಮಾಡಕೂಡದು ಅಂತ ಬರುವ ಸಾಲು. ಹಾಗಾಗಿ ಡಿಸ್‌ಅಸೆಂಬ್ಲರ್ ಅಂದರೆ ಕನ್ನ ಕೊರೆಯೋ ಹಾರೆ ಅನ್ನುವ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಇದು ತಪ್ಪು ಅಷ್ಟೇ ಅಲ್ಲ, ನಮಗೇ ನಷ್ಟ. ಯಾಕೆ ಅಂತ ಹೇಳ್ತೀನಿ, ಕೇಳಿ.

ಕಂಪ್ಯೂಟರ್ ಓದದ ಗೆಳೆಯರಿಗಾಗಿ ಮೊದಲು ಎರಡು ಮಾತು. ನಾವು ಬರೆಯೋ ಪ್ರೋಗ್ರಾಮು ಮನುಷ್ಯರು ಓದುವ ಹಾಗಿರುತ್ತೆ. ಕಂಪೈಲರ್ ಅದನ್ನು ಅರೆದು ಬರೀ ಸಂಖ್ಯೆಗಳನ್ನಾಗಿ ಮಾಡುತ್ತೆ. ನಾವಿಟ್ಟ ಹೆಸರುಗಳು, ಪಕ್ಕದಲ್ಲಿ ಬರೆದ ಟಿಪ್ಪಣಿಗಳು ಸಾಮಾನ್ಯವಾಗಿ ಅಲ್ಲೇ ಮಾಯ. ಉಳಿಯೋದು ಪ್ರೊಸೆಸರಿಗೆ ಅರ್ಥವಾಗುವ ಆಜ್ಞೆಗಳು ಮಾತ್ರ. ಡಿಸ್‌ಅಸೆಂಬ್ಲರ್ ಆ ಸಂಖ್ಯೆಗಳನ್ನು ಮತ್ತೆ ಅಸೆಂಬ್ಲಿ ಭಾಷೆಗೆ ಬಿಡಿಸುತ್ತೆ. ಡಿಕಂಪೈಲರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಿ ಭಾಷೆಯಂತೆ ಕಾಣೋ ಏನನ್ನೋ ಕೊಡುತ್ತೆ. ಆದರೆ ಹೋದ ಹೆಸರು ವಾಪಸ್ ಬರಲ್ಲ. ಈ ಸಂಖ್ಯೆ ಬಡ್ಡಿ ದರವೋ ಬಾಗಿಲ ನಂಬರೋ ಅಂತ ಮನುಷ್ಯನೇ ಕೂತು ಅರ್ಥ ಹಚ್ಚಬೇಕು. ಥೇಟ್ ಶಾಸನ ಓದುವವರ ಕೆಲಸ. ಅಕ್ಷರ ಸವೆದಿರುತ್ತೆ, ಪದ ಬಿಟ್ಟುಹೋಗಿರುತ್ತೆ, ಹಿಂದೆ ಮುಂದೆ ನೋಡಿ ಊಹಿಸಬೇಕು. ಶಾಸನ ಓದಿದವರನ್ನು ಕಲ್ಲು ಕದ್ದರು ಅಂತ ಯಾರಾದ್ರೂ ಬೈತಾರಾ?

ಕ್ರ್ಯಾಕಿಂಗ್ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ. ಇಂಟೆಲ್ ಪ್ರೊಸೆಸರಿನಲ್ಲಿ "ಸಮ ಇಲ್ಲದಿದ್ದರೆ ಅತ್ತ ಜಿಗಿ" ಅನ್ನೋ ಆಜ್ಞೆಯ ಒಂದು ರೂಪ 75, "ಸಮ ಇದ್ದರೆ ಜಿಗಿ" ಅನ್ನೋದು 74. ಪಾಸ್‌ವರ್ಡ್ ಪರೀಕ್ಷಿಸುವ ಜಾಗದಲ್ಲಿ ಒಂದು ಬೈಟ್ ಬದಲಿಸಿದರೆ ತಪ್ಪು ಪಾಸ್‌ವರ್ಡಿಗೂ ಬಾಗಿಲು ತೆರೆದುಕೊಳ್ಳಬಹುದು. ಹಾಗೆ ಮಾಡಿ ಹಂಚೋದು ಕಳ್ಳತನವೇ, ಅದಕ್ಕೆ ಕಾನೂನೂ ಇದೆ. ಆದರೆ ಅಲ್ಲಿ ತಪ್ಪು ಇರೋದು ಬದಲಿಸಿ ಹಂಚಿದ್ದರಲ್ಲಿ, ಓದಿದ್ದರಲ್ಲಿ ಅಲ್ಲ.

ಓದದೇ ಇದ್ದಿದ್ದರೆ ಏನಾಗ್ತಿತ್ತು? 2005ರ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ತಮ್ಮ ಬ್ಲಾಗಿನಲ್ಲಿ (ಹೌದು, ಬ್ಲಾಗಿನಲ್ಲೇ! :-)) ಒಂದು ಪೋಸ್ಟ್ ಹಾಕಿದರು. ದುಡ್ಡು ಕೊಟ್ಟು ತಂದ ಸೋನಿ ಬಿಎಂಜಿ ಹಾಡಿನ ಸಿಡಿಯೊಂದು ಅವರ ಕಂಪ್ಯೂಟರಿನೊಳಗೆ ಗುಟ್ಟಾಗಿ ಒಂದು ರೂಟ್‌ಕಿಟ್ ಇಳಿಸಿತ್ತು. ಡ್ರೈವರಿನ ಕೋಡನ್ನು ಬಿಡಿಸಿ ನೋಡಿದರೆ, ಎರಡು ಡಾಲರ್ ಚಿಹ್ನೆಗಳ ನಡುವೆ "ಸಿಸ್" ಅಂತ ಹೆಸರು ಶುರುವಾಗೋ ಯಾವ ಫೈಲೂ ಕಣ್ಣಿಗೆ ಬೀಳದ ಹಾಗೆ ಅದು ವಿಂಡೋಸನ್ನೇ ತಿದ್ದಿತ್ತು. ಅಂದರೆ ಯಾವ ವೈರಸ್ ಬೇಕಾದ್ರೂ ಆ ಹೆಸರಿಟ್ಟುಕೊಂಡು ಅದೇ ಪರದೆ ಹಿಂದೆ ಅಡಗಬಹುದಿತ್ತು. ಗಲಾಟೆ ಎದ್ದಮೇಲೆ ಸೋನಿ ಆ ಸಿಡಿಗಳನ್ನು ವಾಪಸ್ ತರಿಸಿಕೊಂಡಿತು. ಈಗ ಹೇಳಿ, ಇಲ್ಲಿ ಕಳ್ಳ ಯಾರು? ಬಿಚ್ಚಿ ನೋಡಿದವರಾ, ಬಚ್ಚಿಟ್ಟವರಾ?

ಫೋಕ್ಸ್‌ವ್ಯಾಗನ್ ಕತೆ ಇನ್ನೂ ದೊಡ್ಡದು. ಹೊಗೆ ಪರೀಕ್ಷೆ ನಡೀತಿದೆ ಅಂತ ಗುರುತಿಸಿದರೆ ಸಾಧುವಾಗಿ, ರಸ್ತೆಗಿಳಿದ ಮೇಲೆ ಬೇರೆ ಥರ ವರ್ತಿಸುವ ತಂತ್ರಾಂಶ ಅದರ ಡೀಸೆಲ್ ಕಾರುಗಳಲ್ಲಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರು. ಮೊದಲ ಅನುಮಾನ ಬಂದದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಓಡುವ ಕಾರಿನಲ್ಲೇ ಹೊಗೆ ಅಳೆದಾಗ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ನೋಟಿಸ್ ಕೊಟ್ಟಿತು. ಆದರೆ ಮೋಸ ಎಲ್ಲಿ ಕೂತಿದೆ, ಹೇಗೆ ಕೆಲಸ ಮಾಡುತ್ತೆ? ಅದನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸಮ್ಮೇಳನವೊಂದರಲ್ಲಿ ತೋರಿಸಿದ್ದು ಫೆಲಿಕ್ಸ್ ಡೊಮ್ಕೆ, ಎಂಜಿನ್ ನಿಯಂತ್ರಿಸುವ ಪೆಟ್ಟಿಗೆಯ ಕೋಡನ್ನು ಬಿಡಿಸಿ. ಪರೀಕ್ಷೆಯಲ್ಲಿ ಇಷ್ಟು ಹೊತ್ತಿಗೆ ಕಾರು ಇಷ್ಟು ದೂರ ಹೋಗಿರಬೇಕು ಅನ್ನುವ ಲೆಕ್ಕ ಆ ಕೋಡಿನ ಒಳಗೇ ಇತ್ತು! ಭಾರತದಲ್ಲೂ ಸುಮಾರು 3.23 ಲಕ್ಷ ಕಾರುಗಳನ್ನು ಸರಿಪಡಿಸಿಕೊಡೋದಾಗಿ ಕಂಪನಿ ಆ ಡಿಸೆಂಬರಿನಲ್ಲೇ ಹೇಳಬೇಕಾಯ್ತು. ಆ ಹೊಗೆ ಕುಡಿದವರಲ್ಲಿ ನಾವೂ ಇದ್ದೀವಿ ಸ್ವಾಮೀ.

ಇನ್ನು ನಮ್ಮ ಬೆಂಗಳೂರಿನ ಟೆಕ್ಕಿಗಳಿಗೆ ಹತ್ತಿರದ ಉದಾಹರಣೆ. ದಿನಾ ಬೆಳಗೆದ್ದು "ಗಿಟ್ ಪುಲ್" ಹೊಡೀತೀವಲ್ಲ, ಆ ಗಿಟ್ ಹುಟ್ಟಿದ್ದು ಇಂಥದ್ದೇ ಜಗಳದಿಂದ. ಮೊದಲು ಲಿನಕ್ಸ್ ಕರ್ನೆಲ್‌ನವರು ಬಳಸುತ್ತಿದ್ದದ್ದು ಬಿಟ್‌ಕೀಪರ್ ಅನ್ನೋ ಖಾಸಗಿ ತಂತ್ರಾಂಶ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಅದರ ಸರ್ವರ್ ಜೊತೆ ಮಾತಾಡೋ ಬೇರೆ ಪ್ರೋಗ್ರಾಮ್ ಬರೆಯಲು ಹೊರಟರು. (ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳೋ ಸಾಂಬಾವನ್ನು 1992ರಲ್ಲಿ ಶುರುಮಾಡಿದವರೂ ಇವರೇ. ಅದಕ್ಕೆ ನೆಟ್‌ವರ್ಕಿನಲ್ಲಿ ಹರಿಯೋ ಪ್ಯಾಕೆಟ್‌ಗಳನ್ನು ಗಮನಿಸಿ ಗುಟ್ಟು ತಿಳಿದಿದ್ದರು.) ಬಿಟ್‌ಕೀಪರ್ ಕಂಪನಿ ಸಿಟ್ಟಾಗಿ ಪುಕ್ಕಟೆ ಆವೃತ್ತಿಯನ್ನೇ ನಿಲ್ಲಿಸಿತು. ಲಿನಸ್ ಟೊರ್ವಾಲ್ಡ್ಸ್ ಕೂಡ ಬೈದದ್ದು ಟ್ರಿಜೆಲ್‌ರನ್ನೇ! ಇಷ್ಟಕ್ಕೂ ಅವರು ಮಾಡಿದ್ದೇನು? 2005ರ ಏಪ್ರಿಲಿನಲ್ಲಿ ಸಮ್ಮೇಳನವೊಂದರಲ್ಲಿ ತೋರಿಸಿದರು: ಟೆಲ್ನೆಟ್‌ನಲ್ಲಿ ಸರ್ವರಿಗೆ ಹೋಗಿ "ಹೆಲ್ಪ್" ಅಂತ ಟೈಪ್ ಮಾಡಿದರು. ಸರ್ವರೇ ತನ್ನ ಆಜ್ಞೆಗಳ ಪಟ್ಟಿ ಕೊಟ್ಟಿತು. ಇದು ಕಳ್ಳತನ ಅನ್ನೋದಾದ್ರೆ ಮನೆ ಬಾಗಿಲು ತಟ್ಟಿ "ಯಾರಿದ್ದೀರಿ" ಅಂತ ಕೇಳೋದೂ ದರೋಡೆಯೇ. ಅದೇ ತಿಂಗಳು ಲಿನಸ್ ಗಿಟ್ ಬರೆದರು. 2016ರಲ್ಲಿ ಬಿಟ್‌ಕೀಪರ್ ತಾನೇ ಮುಕ್ತ ತಂತ್ರಾಂಶವಾಯ್ತು. ಅಷ್ಟೊತ್ತಿಗೆ ಕೇಳೋರೇ ಕಡಿಮೆ.

ನಮ್ಮ ಕನ್ನಡದ ಮಾತಿಗೇ ಬನ್ನಿ. ಯುನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಒಂದೊಂದಕ್ಕೆ ಒಂದೊಂದು ಲೆಕ್ಕ. ಒಂದರಲ್ಲಿ "ಕ" ಇರೋ ನಂಬರಿನಲ್ಲಿ ಇನ್ನೊಂದರಲ್ಲಿ ಒತ್ತಕ್ಷರ ಕೂತಿರಬಹುದು. ಹಾಗೆ ಟೈಪಿಸಿದ ಪುಸ್ತಕವನ್ನು ಯುನಿಕೋಡಿಗೆ ತರಬೇಕಾದ್ರೆ ಆ ಪಟ್ಟಿ ಬೇಕು. ತಯಾರಿಸಿದವರು ಕೊಟ್ಟರೆ ಸರಿ. ಕೊಡದಿದ್ದರೆ, ಅಥವಾ ಕಂಪನಿಯೇ ಬಾಗಿಲು ಹಾಕಿದ್ದರೆ? ಫಾಂಟ್ ಬಿಚ್ಚಿ ಒಂದೊಂದೇ ಅಕ್ಷರ ನೋಡಿ ಪಟ್ಟಿ ಮಾಡದೆ ಬೇರೆ ದಾರಿ ಇಲ್ಲ. ಅದು ಬೇಡ ಅನ್ನೋರು ನಮ್ಮ ಪುಸ್ತಕ ಹಾರ್ಡ್ ಡಿಸ್ಕಿನಲ್ಲೇ ಕೊಳೆಯಲಿ ಅಂತಿದ್ದಾರೆ, ಅಷ್ಟೇ.

"ಕಾನೂನು ಒಪ್ಪಲ್ವಲ್ಲ ಗುರೂ?" ಅಂತೀರಾ? ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ತೆಗೆದು ನೋಡಿ. 1999ರ ತಿದ್ದುಪಡಿಯಲ್ಲಿ ಎರಡು ಮಾತು ಸೇರಿವೆ. ನ್ಯಾಯವಾಗಿ ಪಡೆದ ತಂತ್ರಾಂಶದ ಜೊತೆ ನಮ್ಮದು ಕೆಲಸ ಮಾಡಲು ಬೇಕಾದ ಮಾಹಿತಿ ಬೇರೆ ಕಡೆ ಸುಲಭಕ್ಕೆ ಸಿಗದಿದ್ದರೆ, ಅದನ್ನು ಪಡೆಯಲು ಅಗತ್ಯವಾದ ಕೆಲಸ ಉಲ್ಲಂಘನೆಯಲ್ಲ. ತಂತ್ರಾಂಶವನ್ನು ಅದರ ಉದ್ದೇಶಕ್ಕೆ ಬಳಸುತ್ತಲೇ ಅದರ ಹಿಂದಿನ ತತ್ವ ತಿಳಿಯಲು ಗಮನಿಸೋದು, ಪರೀಕ್ಷಿಸೋದೂ ಉಲ್ಲಂಘನೆಯಲ್ಲ. ಕೊರತೆ ಇರೋದು ಬೇರೆ ಕಡೆ. ಲೈಸೆನ್ಸಿನಲ್ಲಿ ಇದಕ್ಕೆ ವಿರುದ್ಧ ಷರತ್ತು ಹಾಕಿದರೆ ಅದು ನಡೆಯಲ್ಲ ಅಂತ ಯುರೋಪಿನವರು 1991ರ ನಿರ್ದೇಶನದಲ್ಲೇ ಬಿಡಿಸಿ ಬರೆದರು. ನಮ್ಮ ಕಾಯ್ದೆಯಲ್ಲಿ ಆ ಒಂದು ಸಾಲು ಇಲ್ಲ. ಸಂಸತ್ತು ಒಂದು ಕೈಲಿ ಕೊಟ್ಟದ್ದನ್ನು "ಐ ಅಗ್ರೀ" ಬಟನ್ ಇನ್ನೊಂದು ಕೈಲಿ ಕಿತ್ತುಕೊಳ್ಳಲು ದಾರಿ ಬಿಟ್ಟ ಹಾಗಾಗಿದೆ. ಆ ಸಾಲು ಬೇಕು.

"ವರ್ಷಗಟ್ಟಲೆ ಬೆವರು ಸುರಿಸಿ ಬರೆದದ್ದನ್ನು ಪಕ್ಕದ ಕಂಪನಿ ನಕಲು ಹೊಡೀತಾನೆ" ಅನ್ನೋ ವಾದ ನ್ಯಾಯವಾದದ್ದೇ. ಆದರೆ ಕೋಡ್ ನಕಲಿಗೆ ಕಾಪಿರೈಟ್ ಇದ್ದೇ ಇದೆ. 1982ರಲ್ಲಿ ಕಾಂಪ್ಯಾಕ್ ಕಂಪನಿ ಐಬಿಎಂ ಪಿಸಿಯ ಬಯೋಸ್‌ಗೆ ಸಮನಾದದ್ದು ತಯಾರಿಸುವಾಗ ಎರಡು ತಂಡ ಮಾಡಿತ್ತು. ಒಂದು ತಂಡ ಓದಿ, ಅದು ಏನು ಮಾಡುತ್ತೆ ಅಂತ ಮಾತ್ರ ಬರೆದುಕೊಟ್ಟಿತು. ಮೂಲ ಕೋಡನ್ನೇ ನೋಡದ ಇನ್ನೊಂದು ತಂಡ ಹೊಸದಾಗಿ ಬರೆಯಿತು. ಪಿಸಿ ಒಂದೇ ಕಂಪನಿಯ ಸ್ವತ್ತಾಗದೆ, ಕಡಿಮೆ ಬೆಲೆಗೆ ನಮ್ಮ ಮನೆಗಳಿಗೂ ಬರುವ ದಾರಿ ತೆರೆದದ್ದು ಇಂಥ ಕೆಲಸದಿಂದ.

ಮೊದಲೆಲ್ಲ "ಉಪಕರಣ ದುಬಾರಿ" ಅನ್ನೋ ನೆಪ ಇತ್ತು. ಐಡಾ ಪ್ರೋ ಬಲು ಒಳ್ಳೆಯದು, ಬೆಲೆ ವಿದ್ಯಾರ್ಥಿಗಳ ಕೈಗೆಟುಕದ್ದು. ಆದರೆ 2019ರ ಮಾರ್ಚಿನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ತನ್ನದೇ ಗಿಡ್ರಾವನ್ನು ಡಿಕಂಪೈಲರ್ ಸಮೇತ ಪುಕ್ಕಟೆ ಬಿಟ್ಟಿತು, ಸೋರ್ಸ್ ಕೋಡನ್ನೂ ಕೊಟ್ಟಿತು. ಬೇಹುಗಾರರೇ ಹಂಚುತ್ತಿರುವಾಗ ನಮ್ಮ ಕಾಲೇಜುಗಳಿಗೇನು ಮಡಿ? ನಾನು ಓದಿದ ಕಾಲೇಜಿನಲ್ಲಿ 8086 ಲ್ಯಾಬ್ ಇತ್ತು, ಕಂಪೈಲರ್ ಪಾಠ ಇತ್ತು. ಕಂಪೈಲರ್ ಹೊರಗೆ ಹಾಕಿದ್ದನ್ನು ತೆರೆದು ನೋಡಿ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಬರೆಯೋದು ಕಲಿಸಿ ಓದೋದು ಕಲಿಸದ ಶಾಲೆ ಅದೆಂಥದ್ದು?

ಪ್ರೋಗ್ರಾಮ್ ಬರೆಯೋ ಗೆಳೆಯರೇ, ಈ ಭಾನುವಾರ ಸಿ ಭಾಷೆಯಲ್ಲಿ ನಿಮ್ಮದೇ ಹತ್ತು ಸಾಲು ಬರೆದು ಕಂಪೈಲ್ ಮಾಡಿ, ಗಿಡ್ರಾದಲ್ಲಿ ತೆರೆದು ನೋಡಿ. ಆಪ್ಟಿಮೈಜೇಶನ್ ಹಾಕಿ ಒಂದು ಸಲ, ಹಾಕದೆ ಒಂದು ಸಲ. ಪಾಠ ಹೇಳುವವರಿದ್ದರೆ ಹುಡುಗರಿಗೂ ಮಾಡಿಸಿ. ನಮ್ಮ ದುಡ್ಡು, ನಮ್ಮ ಕಾರು, ನಮ್ಮ ಆಸ್ಪತ್ರೆ ಯಂತ್ರ ಎಲ್ಲವನ್ನೂ ಈಗ ನಡೆಸೋದು ನಮಗೆ ಕಾಣದ ಕೋಡು. ಅದನ್ನು ಓದಬಲ್ಲ ನಾಲ್ಕು ಜನ ಊರಲ್ಲಿರಲಿ ಅನ್ನೋದಷ್ಟೇ ನನ್ನ ವಾದ.

ಒಪ್ಪದವರು ಕೆಳಗೆ ಜಗಳಕ್ಕೆ ಬನ್ನಿ, ನಾನು ರೆಡಿ :-)