ಪತಂಗದ ವಸಂತ ಯಾವುದು?

ಕಾಡಿನ ಪತಂಗಗಳ ಬಗೆಗಿನ ಇಂಗ್ಲಿಷ್ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ, ‘ವಸಂತದಲ್ಲಿ ಹಾರುತ್ತದೆ’ ಎಂದು ಬರೆದು ಕೈ ತಡೆದೆ. ಮಾತು ಬ್ರಿಟನ್ನಿನ ಎಂಪರರ್ ಪತಂಗದ್ದು. ಚಳಿಗಾಲವನ್ನು ಗೂಡಿನೊಳಗೆ ಕಳೆದು ಏಪ್ರಿಲ್-ಮೇ ಹೊತ್ತಿಗೆ ಹೊರಬರುವ ಜೀವಿ ಅದು. ಅಲ್ಲಿಗೆ ಸರಿ. ಆದರೆ ಪುಣೆಯಲ್ಲಿ ಕುಳಿತು ಓದುವವರು ಈ ಮಾತು ನಂಬಿ ಚೈತ್ರದಲ್ಲಿ ಗುಡ್ಡ ಹತ್ತಿದರೆ?

ಎಂಪರರ್ ಪತಂಗದ ಬಳಗಕ್ಕೇ ಸೇರಿದ ಟಸರ್ ರೇಷ್ಮೆ ಪತಂಗ ಸಹ್ಯಾದ್ರಿಯ ಈ ಮಗ್ಗುಲಲ್ಲೂ ಇದೆ. ಅಂಗೈ ಮೀರುವ ರೆಕ್ಕೆಗಳು. ನಾಲ್ಕರಲ್ಲೂ ಗಾಜಿನ ಕಿಟಕಿಯಂಥ ಒಂದೊಂದು ದುಂಡು ಕಣ್ಣು. ಗಂಡಿನ ಮೀಸೆ ಪುಕ್ಕದಂತೆ ಅಗಲ, ಹೆಣ್ಣಿನ ವಾಸನೆ ಹಿಡಿಯಲು. ಬೆಳೆದ ಪತಂಗ ಏನನ್ನೂ ತಿನ್ನುವುದಿಲ್ಲ. ಕೆಲವೇ ದಿನ ಬದುಕಿ, ಮೊಟ್ಟೆಯಿಟ್ಟು ಮುಗಿಯುತ್ತದೆ. ಉಣ್ಣುವ ಕೆಲಸವೆಲ್ಲ ಮತ್ತಿ, ಬೋರೆ ಎಲೆ ಮೇಯುವ ಹಸಿರು ಹುಳುವಿನದು.

ಆ ಹುಳು ಗೂಡು ಕಟ್ಟುವ ಮೊದಲು ರೇಷ್ಮೆಯಲ್ಲೇ ಗಟ್ಟಿ ತೊಟ್ಟು ಹೆಣೆದು, ತುದಿಯನ್ನು ಉಂಗುರದಂತೆ ರೆಂಬೆಗೆ ಸುತ್ತುತ್ತದೆ. ಹಾಗಾಗಿ ಎಲೆ ಉದುರಿದರೂ ಗೂಡು ಉದುರುವುದಿಲ್ಲ. ಬೇಸಿಗೆಯಿಡೀ ಒಣಗಿದ ಕಾಯಿಯಂತೆ ನೇತಾಡಿ, ಮಳೆ ಹತ್ತಿರವಾದಾಗ ಬಿರಿಯುತ್ತದೆ. ಅಲ್ಲಿಯದು ಚಳಿ ಕಳೆಯಲು ಕಾಯುತ್ತದೆ, ನಮ್ಮದು ಬಿಸಿಲು ಕಳೆಯಲು.

ಹೊಂಗೆ, ಮಾವು ಚಿಗುರುವ ನಮ್ಮ ವಸಂತವೇನೂ ಸುಳ್ಳಲ್ಲ. ಆದರೆ ಈ ಪತಂಗದ ಯುಗಾದಿ ಮೃಗಶಿರ ಮಳೆ. ಇಲ್ಲಿನ ರೈತರಿಗೆ ಇಂಥ ಲೆಕ್ಕ ಹೊಸದಲ್ಲ: ಜೂನ್ ಮಳೆಗೆ ನೆಲದಿಂದೇಳುವ ಮಖಮಲ್ಲಿನಂಥ ಕೆಂಪು ಹುಳುವನ್ನು ಮರಾಠಿಯಲ್ಲಿ ‘ಮೃಗಾಚಾ ಕಿಡಾ’ ಎನ್ನುತ್ತಾರೆ. ಹೆಸರಿನಲ್ಲೇ ಅದು ಬರುವ ಕಾಲವಿದೆ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ಎಣಿಸುವ ಕನ್ನಡಕ್ಕೂ ಈ ಲೆಕ್ಕ ಗೊತ್ತು. ನಮ್ಮ ಕೀಟಗಳ ಬಗ್ಗೆ ಬರೆಯುವಾಗ ಮಾತ್ರ ಯಾಕೋ ಪರದೇಶದ ಪಂಚಾಂಗ ತೆರೆಯುತ್ತೇವೆ.

ಇದು ಬರೀ ಪದದ ಜಗಳವಲ್ಲ. ಪತಂಗ ವಸಂತದಲ್ಲೇ ಹಾರಿಹೋಗಿದೆ ಎಂದುಕೊಂಡವರಿಗೆ ಮೇ ತಿಂಗಳ ಗೂಡು ಖಾಲಿ ಸಿಪ್ಪೆ. ಬೋರೆಗಿಡ ಸವರುವುದೂ ಒಣಹುಲ್ಲಿಗೆ ಬೆಂಕಿ ತಗಲುವುದೂ ಆ ದಿನಗಳಲ್ಲೇ. ಕತ್ತಿ ಬೀಸುವ ಮೊದಲು ಗೂಡನ್ನು ಕಿವಿಯ ಬಳಿ ಮೆಲ್ಲಗೆ ಅಲುಗಿಸಿ. ಒಳಗೆ ಏನೋ ಭಾರವಾಗಿ ಉರುಳಿದರೆ, ಆ ರೆಂಬೆಯನ್ನು ಮಳೆಯವರೆಗೆ ಬಿಟ್ಟುಬಿಡಿ.

ನನ್ನ ಅನುವಾದದಲ್ಲಿ ‘ವಸಂತ’ ಎಂಬಲ್ಲಿ ‘ಬ್ರಿಟನ್ನಿನಲ್ಲಿ, ಏಪ್ರಿಲ್-ಮೇ’ ಎಂದು ತಿದ್ದಿದ್ದೇನೆ.